ಅಂಗಿ ಹೊಲಿದವಳ ಬಾಯಾರಿಕೆ

ಇವತ್ತಿನ ಪ್ರವಚನದ ವಿಷಯ ‘ದಯೆ’ ಎಂದು ಮಠದ ಹೊರಗಿನ ಫ್ಲೆಕ್ಸ್‌ನಲ್ಲಿ ಹಾಕಿದ್ದಾರೆ. ನೋಡಿದಿರಾ? ನನ್ನ ಮುಖ ಎಮ್ಮೆಯ ಮುಖದಷ್ಟು ದೊಡ್ಡದಿದೆ, ದಯೆ ಇರುವೆಯಷ್ಟಿದೆ. ಕಮಿಟಿಯವರನ್ನು ಬೈಯಲಾರೆ, ನಮ್ಮಲ್ಲಿ ಅದು ಇರುವುದೇ ಅಷ್ಟು.

ದಯೆಯ ಬಗ್ಗೆ ಉಪದೇಶ ಶುರು ಮಾಡಿದರೆ ನೀವು ನಿದ್ದೆ ಮಾಡುತ್ತೀರಿ. ಮುಂದಿನ ಸಾಲಿನವರು ಕೈ ಜೋಡಿಸಿಕೊಂಡು ನಿದ್ದೆ ಮಾಡುತ್ತೀರಿ, ನಾನು ಅದನ್ನು ಧ್ಯಾನ ಎಂದುಕೊಳ್ಳಬೇಕು. ಬೇಡ. ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು. ಊರಿನ ಹೆಸರು ಕೇಳಬೇಡಿ. ಹೇಳಿದರೆ ನಾಳೆ ಬೆಳಿಗ್ಗೆ ಮಠಕ್ಕೆ ವಕೀಲರ ನೋಟೀಸು ಬರುತ್ತದೆ. ಆ ಊರಲ್ಲೊಬ್ಬ ಸಾಹುಕಾರ. ಆತನದೊಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಒಳಗೆ ಸಾಲು ಸಾಲು ಮಿಷನ್ನು, ಸಾಲು ಸಾಲು ಹೆಣ್ಣುಮಕ್ಕಳು, ಮೇಲೆ ಕಾದ ತಗಡಿನ ಸೂರು. ಅಲ್ಲಿ ಹೊಲಿದ ಅಂಗಿಯನ್ನು ಆ ಊರಲ್ಲಿ ಯಾರೂ ಹಾಕುವುದಿಲ್ಲ. ಅದು ಹಡಗು ಹತ್ತಿ ಚಳಿ ದೇಶಗಳಿಗೆ ಹೋಗುತ್ತದೆ. ಬಡ ದೇಶದವರು ಹೊಲಿಯುವುದು, ಸಿರಿವಂತ ದೇಶದವರು ತೊಡುವುದು, ನಡುವೆ ನಿಂತವನು ವರ್ಷ ವರ್ಷ ಕಾರು ಬದಲಾಯಿಸುವುದು. ಎಲ್ಲರೂ ಸುಖವಾಗಿದ್ದರು, ಹೊಲಿಯುವವರನ್ನು ಬಿಟ್ಟು.

ಆಗ ಏನಾಯಿತು ಅಂದರೆ, ಆ ಚಳಿ ದೇಶದ ಜನರ ಮನಸ್ಸು ಕಸಿವಿಸಿಗೊಂಡಿತು. ಎಲ್ಲೋ ಒಂದು ಬಡ ದೇಶದ ಫ್ಯಾಕ್ಟರಿಗೆ ಬೆಂಕಿ ಬಿದ್ದದ್ದನ್ನು ಟಿವಿಯಲ್ಲಿ ನೋಡಿದರು. ‘ಅಯ್ಯೋ, ನಮ್ಮ ಮೈಮೇಲಿನ ಅಂಗಿಯನ್ನು ಯಾರು ಹೊಲಿದರೋ, ಹೇಗಿದ್ದಾರೋ’ ಎಂದು ಮರುಗಿದರು. ಮರುಗಿ, ಅಂಗಿ ಕೊಳ್ಳುವುದನ್ನು ಕಡಿಮೆ ಮಾಡಿದರಾ? ಇಲ್ಲ. ಹೆಚ್ಚು ಬೆಲೆ ಕೊಡುತ್ತೇವೆ ಎಂದರಾ? ಅದಂತೂ ಇಲ್ಲವೇ ಇಲ್ಲ. ಈ ಕಸಿವಿಸಿಯನ್ನು ಕಳೆಯುವ ಒಂದು ಆ್ಯಪ್ ಇದ್ದಿದ್ದರೆ ಚೆನ್ನಾಗಿತ್ತು ಎಂದರು.

ನಮ್ಮ ಸಾಹುಕಾರ ಬುದ್ಧಿವಂತ. ಆ್ಯಪ್ ಮಾಡಿಸಿಯೇ ಬಿಟ್ಟ. ಪ್ರತಿಯೊಂದು ಅಂಗಿಯ ಕಾಲರಿನೊಳಗೆ ಒಂದು ಕ್ಯೂಆರ್ ಕೋಡ್ ಇಡಿಸಿದ. ತರಕಾರಿ ಗಾಡಿಯವನಿಗೆ ದುಡ್ಡು ಕೊಡಲು ಮೊಬೈಲ್ ಹಿಡಿಯುತ್ತೀರಲ್ಲ, ಅದೇ ಚೌಕ. ಅದಕ್ಕೆ ಮೊಬೈಲ್ ಹಿಡಿದರೆ ಆ ಅಂಗಿ ಹೊಲಿದ ಹೆಣ್ಣುಮಗಳು ಪರದೆಯ ಮೇಲೆ ಬರುತ್ತಾಳೆ. ಫೋಟೊ ಅಲ್ಲ, ಸಾಕ್ಷಾತ್ ಆಕೆಯೇ! ಮಿಷನ್ ಮುಂದೆ ಕೂತು ನಗುತ್ತಾಳೆ. ನೀವು ನಿಮ್ಮ ಭಾಷೆಯಲ್ಲಿ ಮಾತಾಡಿಸಿ, ಆಕೆ ಆಕೆಯ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ, ಯಂತ್ರವೇ ತರ್ಜುಮೆ ಮಾಡಿ ಕೆಳಗೆ ಬರೆದು ತೋರಿಸುತ್ತದೆ. ಅಂಗಿ ಕೊಂಡವನೇ ದೇವರಂತೆ. ಮಾತು ಮುಗಿಸುವ ಹಕ್ಕು ಅವನಿಗೆ ಮಾತ್ರ. ಫ್ಯಾಕ್ಟರಿಯವರು ಕಟ್ ಮಾಡಲಾಗದಂತೆ ಮಾಡಿಸಿದ್ದ.

ಟೆಕ್ನಾಲಜಿ ಸುದ್ದಿ ಬರೆಯುವವರಿಗೆ ಹಬ್ಬ. ‘ಅಂಗಿಗೂ ಬಾಯಿ ಬಂತು’ ಎಂದು ಒಬ್ಬ ಬರೆದ, ‘ಕರುಣೆಗೆ ಹೊಸ ಕಿಟಕಿ’ ಎಂದು ಇನ್ನೊಬ್ಬ. ಬರೆದವರಲ್ಲಿ ಒಬ್ಬನೂ ಆ ಫ್ಯಾಕ್ಟರಿಯನ್ನು ಕಣ್ಣಾರೆ ಕಂಡಿರಲಿಲ್ಲ. ಆ್ಯಪ್ ಇರುವಾಗ ಬಸ್ಸು ಹತ್ತುವುದು ಯಾಕೆ, ಅಲ್ಲವೇ?

ಈಗ ಸಾಹುಕಾರನಿಗೆ ಒಂದು ತಲೆನೋವು. ತೋರಿಸೋಣವೆಂದರೆ ಫ್ಯಾಕ್ಟರಿ ತೋರಿಸುವಂತಿಲ್ಲ. ಏನು ಮಾಡಿದ? ಒಂದು ಮೂಲೆಯನ್ನು ಮಾತ್ರ ಸಿಂಗರಿಸಿದ. ಗೋಡೆಗೆ ಹಸಿರು ಬಣ್ಣ, ಅದರ ಮೇಲೆ ಪ್ಲಾಸ್ಟಿಕ್ ಬಳ್ಳಿ, ಒಂದು ಫ್ಯಾನು, ಒಂದು ಹೊಸ ಮಿಷನ್ನು, ಪಕ್ಕದಲ್ಲಿ ಫಳಫಳ ಹೊಳೆಯುವ ತಾಮ್ರದ ನೀರಿನ ಬಾಟಲಿ. ಕ್ಯಾಮೆರಾಕ್ಕೆ ಕಾಣುವುದು ಅಷ್ಟೇ. ಒಂದು ಮೊಳ ಆಚೆ ಹೋದರೆ ಫ್ಯಾನಿಲ್ಲ, ಬಳ್ಳಿಯಿಲ್ಲ, ಬೆವರು ಮಾತ್ರ ಇದೆ.

ಆ ಮೂಲೆಯಲ್ಲಿ ಕೂರಿಸಲು ದಾಕ್ಷಾಯಿಣಿ ಎಂಬ ಹೆಣ್ಣುಮಗಳನ್ನು ಆರಿಸಿದರು. ಕೆಲಸ ಚೆನ್ನಾಗಿ ಮಾಡುತ್ತಾಳೆಂದಲ್ಲ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಹಲ್ಲು ಸಾಲಾಗಿದ್ದವು, ಅದಕ್ಕೆ. ಲಕ್ಷ ಲಕ್ಷ ಅಂಗಿಗಳ ಕೋಡ್ ಎಲ್ಲವೂ ಆಕೆಯ ಹತ್ತಿರವೇ ಬರುತ್ತಿತ್ತು. ಅಂದರೆ ಆ ಚಳಿ ದೇಶದ ಅಷ್ಟೂ ಜನಕ್ಕೆ ಅಂಗಿ ಹೊಲಿದವಳು ಒಬ್ಬಳೇ! ಆಕೆಯ ಕೈಗೆ ಒಂದು ಕಾಲರ್ ಕೊಟ್ಟಿದ್ದರು. ಹೊಲಿಯುವುದು, ಬಿಚ್ಚುವುದು, ಮತ್ತೆ ಅದನ್ನೇ ಹೊಲಿಯುವುದು. ನಡುನಡುವೆ ನಗುವುದು. ಯಾರಾದರೂ ‘ಸುಖವಾಗಿದ್ದೀಯಾ?’ ಎಂದು ಕೇಳಿದರೆ ‘ಹೌದು, ತುಂಬಾ ಸುಖ, ಥ್ಯಾಂಕ್ಯೂ’ ಎನ್ನುವುದು.

ಮೊದಲು ಲೈನಿನಲ್ಲಿದ್ದಾಗ ಆಕೆಯ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವಳು ಮುಬೀನಾ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳು ಹೋಗಿಬರುವಾಗ ಕಾಡುತ್ತಿದ್ದಳು: “ಏನೇ ದಾಕ್ಷಿ, ಹಲ್ ಕಿಸಿಯೋ ಇಲಾಖೆಗೆ ಆಫೀಸರ್ ಆಗ್ಬುಟ್ಟೆ. ಫ್ಯಾನ್ ಬೇರೆ!”

ಫ್ಯಾನಿತ್ತು, ಸರಿ. ಆದರೆ ಆ ಕುರ್ಚಿಯ ಕಷ್ಟ ಕೂತವಳಿಗೇ ಗೊತ್ತು. ಫೋನು ಯಾವ ಕ್ಷಣದಲ್ಲಾದರೂ ಬರಬಹುದು, ಕುರ್ಚಿ ಖಾಲಿ ಕಾಣಬಾರದು. ಖಾಲಿ ಕಂಡರೆ ಸಾಹುಕಾರನ ಮೊಬೈಲಿಗೆ ಗಂಟೆ ಹೊಡೆದುಕೊಳ್ಳುವಂತೆ ಯಂತ್ರ ಜೋಡಿಸಿದ್ದರು. ಉಳಿದ ಹೆಂಗಸರ ಪಾಡೂ ಅಷ್ಟಕ್ಕಷ್ಟೇ. ಒಂದು ಲೈನಿಗೆ ಒಂದೇ ಪ್ಲಾಸ್ಟಿಕ್ ಬಿಲ್ಲೆ. ಅದು ಕೈಗೆ ಬಂದವರು ಮಾತ್ರ ಪಾಯಖಾನೆಗೆ ಹೋಗಬಹುದು. ಒಬ್ಬರು ಹೋಗಿ ಬಂದು ಬಿಲ್ಲೆ ಕೊಡುವವರೆಗೆ ಇನ್ನೊಬ್ಬರು ತಡೆದುಕೊಳ್ಳಬೇಕು. ಮೂಲೆಯ ಕುರ್ಚಿಗೆ ಆ ಬಿಲ್ಲೆಯೂ ಇಲ್ಲ. ಊಟದ ಗಂಟೆಯೊಂದೇ ಗತಿ.

ದಾಕ್ಷಾಯಿಣಿ ಏನು ಮಾಡಿದಳು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನೀರು ಕುಡಿಯುವುದನ್ನೇ ಬಿಟ್ಟಳು.

ಕೆಲವು ದಿನಗಳಲ್ಲೇ ಉರಿ ಶುರುವಾಯಿತು. ಆಮೇಲೆ ಸೊಂಟದ ಹಿಂದೆ ನೋವು, ಆಮೇಲೆ ಜ್ವರ. ಮುಬೀನಾ ಹಣೆ ಮುಟ್ಟಿ ನೋಡಿ, “ಹಂಚು ಕಾದಂಗೆ ಕಾದೈತೆ ಕಣೇ. ಇವತ್ತೇ ಈಎಸ್ಐ ಆಸ್ಪತ್ರೆಗೆ ಓಗು,” ಎಂದಳು.

“ಈ ವಾರ ರಜೆ ಕೇಳಂಗಿಲ್ಲ ಅಂದವ್ರೆ ಕಣಕ್ಕ. ಪಟ್ಟಣದಾಗೆ ಸಾಹುಕಾರ್ರದು ಏನೋ ದೊಡ್ಡ ಸಭೆಯಂತೆ. ನನ್ ಮಕ ಅಲ್ಲಿ ಪರದೆ ಮ್ಯಾಕೆ ಬತ್ತದಂತೆ,” ಎಂದಳು ದಾಕ್ಷಾಯಿಣಿ.

ಅದು ಟೆಕ್ನಾಲಜಿ ಮೇಳ. ಪಟ್ಟಣದ ದೊಡ್ಡ ಹೋಟೆಲಿನ ಸಭಾಂಗಣ. ಏಸಿ ಎಷ್ಟು ತಣ್ಣಗಿತ್ತೆಂದರೆ ಬಂದವರೆಲ್ಲ ಕೋಟು ಹಾಕಿಕೊಂಡು ಬೆವರಿನ ಬಗ್ಗೆ ಭಾಷಣ ಕೇಳುತ್ತಿದ್ದರು. ವೇದಿಕೆಯ ಮೇಲೆ ಸಾಹುಕಾರ, ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಪರದೆಯ ತುಂಬ ದಾಕ್ಷಾಯಿಣಿಯ ಗುಳಿ ಬಿದ್ದ ಕೆನ್ನೆ. ಇನ್ನೇನು ಒಬ್ಬ ಬಿಳಿ ಹೆಂಗಸು ಫೋನು ಮಾಡಿ, ಮೊದಲೇ ಬರೆದುಕೊಟ್ಟ ಪ್ರಶ್ನೆ ಕೇಳಬೇಕು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಲೋಕೇಶ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ನಿಂತು, ಎರಡು ಬೆರಳಿನಿಂದ ಬಾಯಿ ಅಗಲಿಸಿ ‘ನಗು, ನಗು’ ಎಂದು ಸನ್ನೆ ಮಾಡುತ್ತಿದ್ದ.

ಫೋನು ಬಂತು. ಫೋನು ಮಾಡಿದವರ ಮುಖವೂ ಪರದೆಯ ಮೂಲೆಯಲ್ಲಿ ಬಂತು. ಆದರೆ ಅದು ಆ ಬಿಳಿ ಹೆಂಗಸಿನದಲ್ಲ.

ಚಳಿ ದೇಶದಲ್ಲಿ ಸಲೋಮಿ ಎಂಬ ಮುದುಕಿ ಇದ್ದರು. ಗದಗ ಪಕ್ಕದ ಬೆಟಗೇರಿಯವರು. ಹರೆಯದಲ್ಲಿ ನರ್ಸ್ ಕೆಲಸಕ್ಕೆಂದು ಹೋಗಿ, ಅಲ್ಲೇ ನೆಲೆಸಿ, ನಿವೃತ್ತರಾಗಿದ್ದರು. ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಅಂಗಿ ತಂದಿದ್ದರು. ಅಳತೆ ಎಷ್ಟೆಂದು ನೋಡಲು ಕಾಲರಿನ ಹತ್ತಿರ ಮೊಬೈಲ್ ಹಿಡಿದು ದೊಡ್ಡದು ಮಾಡಿದರು. ಅಳತೆ ಕಾಣಲಿಲ್ಲ, ದಾಕ್ಷಾಯಿಣಿ ಕಂಡಳು! ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ.

“ಯವ್ವಾ! ಯಾರವ್ವಾ ನೀ? ಕನ್ನಡದಾಕಿ ಇದ್ದಂಗ ಅದೀಯಲ್ಲ?”

ದಾಕ್ಷಾಯಿಣಿ ಕಲಿಸಿದ ಪಾಠ ಒಪ್ಪಿಸಿದಳು: “ಹೌದು, ತುಂಬಾ ಸುಖ, ಥ್ಯಾಂಕ್ಯೂ.”

“ಸುಖಾ ಇರಲಿ ಬಿಡು. ಊಟಾ ಆತೇನು?”

ನೋಡಿ, ಆ ಕುರ್ಚಿಯಲ್ಲಿ ಕೂತಂದಿನಿಂದ ಎಷ್ಟೋ ದೇಶದವರು ಆಕೆಯನ್ನು ಎಷ್ಟೋ ಕೇಳಿದ್ದರು. ಕನಸೇನು ಎಂದು ಕೇಳಿದ್ದರು, ಜಗತ್ತಿಗೆ ನಿನ್ನ ಸಂದೇಶವೇನು ಎಂದು ಕೇಳಿದ್ದರು. ಊಟವಾಯಿತಾ ಎಂದು ಯಾರೂ ಕೇಳಿರಲಿಲ್ಲ. ಆಕೆ ಕೈಯಲ್ಲಿದ್ದ ಕಾಲರ್ ಕೆಳಗಿಟ್ಟಳು.

ಸಲೋಮಿ ಕನ್ನಡಕ ಸರಿಮಾಡಿಕೊಂಡರು. ಆಸ್ಪತ್ರೆಯಲ್ಲಿ ಆಯುಷ್ಯ ಕಳೆದ ಕಣ್ಣು ಅದು. “ತುಟಿ ಯಾಕ ಹಂಗ ಒಡದಾವ? ಕಣ್ಣು ಕೆಂಪಗ ಅದಾವ. ಜ್ವರಾ ಬಂದಾವೇನು? ಬೆನ್ನ ನೋಯ್ತತೇನು? ಒಂದಕ್ಕ ಹೋಗಿ ಎಷ್ಟ ಹೊತ್ತಾತು?”

ಅಲ್ಲಿ ಸಭಾಂಗಣದಲ್ಲಿ ಯಂತ್ರ ತರ್ಜುಮೆ ಮಾಡಿತು. ಪಾಪ, ಅದಕ್ಕೇನು ಗೊತ್ತು? ‘ನೀವು ಒಂದು ಎಂಬ ಸಂಖ್ಯೆಯ ಬಳಿಗೆ ಹೋಗಿ ಎಷ್ಟು ಕಾಲವಾಯಿತು?’ ಎಂದು ಇಂಗ್ಲಿಷಿನಲ್ಲಿ ಬರೆಯಿತು. ಸಭೆ ಇದು ಯಾವುದೋ ಅದ್ವೈತದ ಮಾತು ಎಂದುಕೊಂಡಿತು. ಚಪ್ಪಾಳೆಯೋ ಚಪ್ಪಾಳೆ. ಸಾಹುಕಾರನೂ ಕೈ ಮುಗಿದ. ಹಿಂದೆ ಕಾಫಿ ಕೊಡುತ್ತಿದ್ದ ನಮ್ಮ ಹುಡುಗಿಯರಿಬ್ಬರು ಮಾತ್ರ ತಟ್ಟೆ ಅಡ್ಡ ಹಿಡಿದು ನಗುತ್ತಿದ್ದರು.

ದಾಕ್ಷಾಯಿಣಿ ನಾಚಿ ತಲೆ ತಗ್ಗಿಸಿದಳು. ಸಲೋಮಿ ಬಿಡಲಿಲ್ಲ. “ನಾಚಬ್ಯಾಡ ತಂಗಿ. ನಾ ನರ್ಸ್ ಅದೀನಿ. ಉಚ್ಚಿ. ಉಚ್ಚಿ ಹೊಯ್ದು ಎಷ್ಟ ಹೊತ್ತಾತು?”

ಈ ಸಲ ಯಂತ್ರ ತಪ್ಪಲಿಲ್ಲ. ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ, ಸಾಹುಕಾರನ ತಲೆಯ ಮೇಲೆಯೇ ಬರೆಯಿತು.

ನಗುತ್ತಿದ್ದೀರಾ? ನಗಿ. ಮಠದಲ್ಲಿ ಸ್ವಾಮಿಗಳು ಇಂಥ ಮಾತಾಡಬಹುದೇ ಎಂದು ಯಾರೋ ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದೀರಿ, ಅದೂ ಕಂಡಿತು. ಆ ಹೆಣ್ಣುಮಗಳು ತಡೆದುಕೊಂಡದ್ದು ಅಸಹ್ಯವಲ್ಲ, ನಾನು ಹೇಳಿದ್ದು ಅಸಹ್ಯ. ಇದು ಯಾವ ನ್ಯಾಯ?

ದಾಕ್ಷಾಯಿಣಿ ತಲೆ ಎತ್ತಿದಳು. ಲೋಕೇಶ ಸನ್ನೆ ಮಾಡುತ್ತಲೇ ಇದ್ದ. ಆಕೆ ನಗಲಿಲ್ಲ. ಮೆಲ್ಲಗೆ ಹೇಳಿದಳು: “ಬೆಳಿಗ್ಗೆ ಮನೆ ಬಿಟ್ಟಾಗ ಓಗಿದ್ದು ಕಣಕ್ಕ. ನೀರ್ ಕುಡುದ್ರೆ ಎದ್ದೋಗ್ಬೇಕಾಯ್ತದೆ. ಏಳಂಗಿಲ್ಲ. ಅದ್ಕೇ ಕುಡಿಯಕಿಲ್ಲ. ಒಸಿ ದಿನ ಆಯ್ತು, ಉರಿ ತಡ್ಕಳಕ್ ಆಯ್ತಿಲ್ಲ.”

ಅದೂ ಪರದೆಯ ಮೇಲೆ ಬಂತು. ಸಾಹುಕಾರ ಮೇಳದ ನಿರೂಪಕಿಯ ಕಡೆ ತಿರುಗಿ, “ಇದು ಹಳ್ಳಿ ಭಾಷೆ, ಯಂತ್ರಕ್ಕೆ ಅರ್ಥವಾಗಿಲ್ಲ,” ಎಂದ. ಯಂತ್ರಕ್ಕೆ ಎಲ್ಲ ಕಲಿಸಿದ್ದರು, ಸಾಹುಕಾರನ ಮರ್ಯಾದೆ ಕಾಯುವುದನ್ನು ಕಲಿಸಿರಲಿಲ್ಲ. ಅದು ಆತನ ಆ ಮಾತನ್ನೂ ಕೇಳಿಸಿಕೊಂಡು ಕೆಳಗೆ ಬರೆಯಿತು.

ಆತ ಪಕ್ಕಕ್ಕೆ ಸರಿದು ಲೋಕೇಶನಿಗೆ ಫೋನು ಮಾಡಿದ. “ಲೋ, ಆ ಯಮ್ಮನ್ನ ಎಬ್ಬಿಸೋ ಅಲ್ಲಿಂದ!”

“ಎಬ್ಬಿಸಿದ್ರೆ ಕುರ್ಚಿ ಖಾಲಿ ಕಾಣ್ತದೆ ಸಾರ್. ಕಟ್ ಮಾಡೋ ಬಟನ್ನು ನಮ್ಮತ್ರ ಇಲ್ಲ ಸಾರ್. ನೀವೇ ಇಡಿಸಿಲ್ಲ.”

ಅಷ್ಟರಲ್ಲಿ ಸಲೋಮಿ ಹೇಳಿದರು: “ಏಳವ್ವಾ. ಬಾಜೂಕ ಬಾಟ್ಲಿ ಐತಲ್ಲ, ನೀರ ಕುಡಿ. ಕುಡದು, ಹೋಗಿ ಬಾ.”

ದಾಕ್ಷಾಯಿಣಿ ಬಾಟಲಿಯ ಕಡೆ ನೋಡಿದಳು, ಲೋಕೇಶನ ಕಡೆ ನೋಡಿದಳು, ಅಲ್ಲೇ ಕೂತಳು. ಕೆಲಸ ಹೋದರೆ? ಮನೆಯಲ್ಲಿ ಎರಡು ಮಕ್ಕಳಿವೆ.

ಆಗ ಲೈನಿನಿಂದ ಮುಬೀನಾ ಎದ್ದು ಬಂದಳು. ನೆಟ್ಟಗೆ ಕ್ಯಾಮೆರಾದ ಮುಂದೆ ನಿಂತಳು. ತಾಮ್ರದ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ತಲೆಕೆಳಗು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. “ನೋಡಿ ಅಮ್ಮಾ, ಇದ್ರಾಗೆ ನೀರಿಲ್ಲ. ಇದು ನಿಮ್ಗೆ ತೋರ್ಸಕ್ಕೆ ಮಡ್ಗಿರೋದು,” ಎಂದಳು. ತನ್ನ ಮಿಷನ್ನಿನ ಕೆಳಗೆ ಬಚ್ಚಿಟ್ಟಿದ್ದ ಬಾಟಲಿ ತಂದು ದಾಕ್ಷಾಯಿಣಿಯ ಬಾಯಿಗೆ ಹಿಡಿದಳು. “ಕುಡಿಯೇ. ಯಾವನ್ ಏನ್ ಮಾಡ್ತಾನೋ ನೋಡನ.”

ದಾಕ್ಷಾಯಿಣಿ ಗಟಗಟ ಕುಡಿದಳು. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದಳು. ಬಿಲ್ಲೆಯಿಲ್ಲದೆ, ಯಾರನ್ನೂ ಕೇಳದೆ ನಡೆದಳು. ಹಿಂದೆ ಮುಬೀನಾ ನಡೆದಳು. ಆಮೇಲೆ ಅವಳ ಪಕ್ಕದವಳು ಎದ್ದಳು, ಅವಳ ಹಿಂದಿನವಳು ಎದ್ದಳು. ಒಬ್ಬರೂ ಘೋಷಣೆ ಕೂಗಲಿಲ್ಲ. ಎಲ್ಲರೂ ತಂತಮ್ಮ ಬಾಟಲಿ ಎತ್ತಿ ಕುಡಿದರು, ಪಾಯಖಾನೆಯ ಮುಂದೆ ಹೋಗಿ ಸಾಲಾಗಿ ನಿಂತರು. ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು.

ಕ್ಯಾಮೆರಾದಲ್ಲಿ ಈಗ ಖಾಲಿ ಕುರ್ಚಿ, ಅದರ ಮೇಲೆ ಸುಮ್ಮನೆ ತಿರುಗುವ ಫ್ಯಾನು. ಸಲೋಮಿ ಫೋನು ಇಟ್ಟುಬಿಡಬಹುದಿತ್ತು. ಹೇಳಬೇಕಾದದ್ದನ್ನು ಹೇಳಿ ಆಗಿತ್ತಲ್ಲ? ಇಡಲಿಲ್ಲ. “ನಾ ಬಂದ್ ಮಾಡೂದಿಲ್ಲ. ಆಕಿ ಹೋಗಿ ಬರೂ ತನಕಾ ಕುಂತಿರತೀನಿ,” ಎಂದು ಖಾಲಿ ಕುರ್ಚಿಗೇ ಹೇಳಿದರು. ಮಡಿಲಿಗೆ ಬೀನ್ಸ್ ಬುಟ್ಟಿ ಎಳೆದುಕೊಂಡು ನಾರು ತೆಗೆಯುತ್ತ ಕೂತರು. ಆ ಕಡೆ ಕೋಟು ಹಾಕಿದ ಸಭೆಯೆಲ್ಲ ಅವರು ಬೀನ್ಸ್ ಬಿಡಿಸುವುದನ್ನೇ ನೋಡುತ್ತ ಕೂತಿತು.

ಸ್ವಲ್ಪ ಹೊತ್ತಾದ ಮೇಲೆ ಸಲೋಮಿ ಕತ್ತು ಚಾಚಿ ಕೇಳಿದರು: “ಅಲ್ಲೆ ಬಾಜೂಕ ಯಾರೋ ನಿಂತಂಗೈತಿ. ನೆರಳು ಬೀಳಾಕತ್ತೈತಿ. ಯಾರಪಾ ನೀ?”

“ಸೂಪರ್‌ವೈಸರ್ರು ಮೇಡಂ,” ಎಂದ ಲೋಕೇಶ, ಮುಖ ತೋರಿಸದೆಯೇ.

“ಮುಂದ ಬಾ. ನೀ ನೀರ ಕುಡದೀಯೇನು?”

ಲೋಕೇಶ ಕ್ಯಾಮೆರಾದ ಮುಂದೆ ಬಂದ. “ಇಲ್ಲಮ್ಮ. ಟಾರ್ಗೆಟ್ ಮುಗಿಯೋ ಗಂಟ ನಮ್ಗೂ ಎಲ್ಲೂ ಓಗಂಗಿಲ್ಲ,” ಎಂದ.

“ಹಂಗಾರ ನೀನೂ ಹೋಗಿ ಬಾ, ಮಗನ.”

ದಾಕ್ಷಾಯಿಣಿ ಮುಖ ತೊಳೆದುಕೊಂಡು ಬಂದು ಕೂತಳು. ಸಲೋಮಿ ಬಿಲ್ಲೆಯ ಕಥೆಯೂ ಸೇರಿ ಕೇಳಬೇಕಾದದ್ದನ್ನೆಲ್ಲ ಕೇಳಿಕೊಂಡು, “ನಾಳೆಗೆ ಅನಬ್ಯಾಡ, ಇವತ್ತ ದವಾಖಾನಿಗೆ ಹೋಗು. ಇದನ್ನ ಹಿಂಗ ಬಿಟ್ರ ಮೂತ್ರಪಿಂಡಕ್ಕ ಹತ್ತತೈತಿ,” ಎಂದು ಗದರಿದರು. ಆಕೆ ಹೂಂ ಎಂದ ಮೇಲೆ ಫೋನು ಇಟ್ಟರು. ಮುಬೀನಾ ಅರ್ಧ ದಿನದ ರಜೆ ಬರೆಸಿ, ಆಟೊ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸೋಂಕು ಮೇಲೇರಿತ್ತು. ಒಂದು ವಾರ ಮಂಚದ ಮೇಲೆ ಮಲಗಿಸಿ ಇಂಜೆಕ್ಷನ್ ಕೊಟ್ಟರು, ಬದುಕಿಕೊಂಡಳು.

ಮರುದಿನದ ಟೆಕ್ನಾಲಜಿ ಸುದ್ದಿಯಲ್ಲಿ ಏನು ಬಂತು ಗೊತ್ತೇ? ‘ಗದಗ ಕಡೆಯ ಮಾತನ್ನೂ ಅರ್ಥಮಾಡಿಕೊಂಡ ಅದ್ಭುತ ತರ್ಜುಮೆ ಯಂತ್ರ!’ ‘ಒಂದಕ್ಕೆ’ ಎಂಬ ಪದದಲ್ಲಿ ಮಾತ್ರ ಸಣ್ಣ ದೋಷವಿದೆ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತಾರಂತೆ. ಪದವನ್ನು ಸರಿಪಡಿಸುತ್ತಾರಂತೆ, ಪಾಯಖಾನೆಯನ್ನಲ್ಲ!

ಸಾಹುಕಾರ ಉರಿದುಕೊಂಡು ಫ್ಯಾಕ್ಟರಿಗೆ ಬಂದ. ನೋಡಿದರೆ ಪ್ರತಿಯೊಂದು ಮಿಷನ್ನಿನ ಮೇಲೂ ಒಂದೊಂದು ನೀರಿನ ಬಾಟಲಿ, ಎಲ್ಲರ ಕಣ್ಣಿಗೂ ಕಾಣುವಂತೆ. “ಆ ದಾಕ್ಷಾಯಿಣಿಗೆ ಇನ್ಮೇಲೆ ಇಲ್ಲಿ ಕೆಲಸ ಇಲ್ಲ,” ಎಂದು ಕೂಗಾಡಿದ.

ಮುಬೀನಾ ಎದ್ದು ನಿಂತಳು. “ಆಗ್ಲಿ ಸಾರ್. ಆ ಕುರ್ಚಿ ಮ್ಯಾಲೆ ನಾನ್ ಕುಂತ್ಕತೀನಿ. ನಂಗೂ ಚೆನ್ನಾಗ್ ಮಾತಾಡಕ್ ಬತ್ತದೆ.”

ಸಾಹುಕಾರ ಆ ಕ್ಷಣವೇ ಕ್ಯಾಮೆರಾ ಬಿಚ್ಚಿಸಿದ. ಬಿಲ್ಲೆಯೂ ಹೋಯಿತು, ಚಳಿ ದೇಶದ ಅಂಗಡಿಯವರು ‘ಇದೇನಿದು ಬಿಲ್ಲೆ?’ ಎಂದು ಕೇಳತೊಡಗಿದ್ದರು. ಅವನ ಹೃದಯ ಕರಗಿತು ಎಂದು ಕಥೆ ಮುಗಿಸಿದರೆ ನಿಮಗೆ ಖುಷಿಯಾಗುತ್ತಿತ್ತು. ಕರಗಲಿಲ್ಲ. ಹೆದರಿದ, ಅಷ್ಟೇ. ಹೆದರಿ ಒಳ್ಳೆಯದು ಮಾಡಿದರೂ ಪಾಯಖಾನೆಯ ಬಾಗಿಲು ತೆರೆಯುತ್ತದೆ. ದಾಕ್ಷಾಯಿಣಿಯನ್ನು ತೆಗೆಯುವ ಮಾತನ್ನೂ ಅಲ್ಲಿಗೇ ಬಿಟ್ಟ. ಆಕೆ ಗುಣವಾಗಿ ಬಂದು ಮತ್ತೆ ಲೈನಿನಲ್ಲಿ ಕೂತಳು, ಫ್ಯಾನಿಲ್ಲದ ಕಡೆ. ಮಠಕ್ಕೆ ಬಂದಾಗ ಈ ಕಥೆಯನ್ನೆಲ್ಲ ಹೇಳಿದವಳು ಆಕೆಯೇ. ಕೊನೆಗೆ ಹೇಳಿದಳು: “ಈಗ ನಾನ್ ಒಲ್ದಿದ್ ಕಾಲರ್ರು ಯಾರ್ದಾರಾ ಕತ್ತಿಗೆ ಓಯ್ತದೆ ಬುದ್ಧಿ. ಬಿಚ್ಚಂಗಿಲ್ಲ.”

ಸರಿ. ಸಾಹುಕಾರನನ್ನು ಬೈದು ಆಯಿತು. ನಿಮಗೆಲ್ಲ ಹಗುರವಾಯಿತು. ಈಗ ನಿಮ್ಮ ಸರದಿ.

ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಆಯಮ್ಮ ಬೆಳಿಗ್ಗೆಯಿಂದ ನಾಲ್ಕು ಮನೆ ಸುತ್ತಿ ಬರುತ್ತಾಳೆ. ಆಕೆ ಯಾರ ಬಚ್ಚಲಿಗೆ ಹೋಗುತ್ತಾಳೆ? ನಿಮ್ಮ ಬಚ್ಚಲು ತಿಕ್ಕುವವಳು ಆಕೆಯೇ, ಬಳಸುವಂತಿಲ್ಲದವಳೂ ಆಕೆಯೇ. ಹೌದೋ ಅಲ್ಲವೋ? ತಲೆ ಯಾಕೆ ಬಗ್ಗಿಸುತ್ತೀರಿ, ಅಲ್ಲಿ ಉತ್ತರ ಬರೆದಿಲ್ಲ. ನಾಳೆ ಆಕೆ ಬಂದಾಗ ಮೊದಲು ನೀರು ಕೊಡಿ, ನೀವು ಕುಡಿಯುವ ಲೋಟದಲ್ಲೇ ಕೊಡಿ. ಬಚ್ಚಲು ಇಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ಆಕೆ ತಾನಾಗಿ ಕೇಳುವುದಿಲ್ಲ.

ಸೀರೆ ಅಂಗಡಿಗೆ ಹೋಗುತ್ತೀರಿ. ರಾಶಿ ಸೀರೆ ಬಿಚ್ಚಿಸಿ, ‘ಇನ್ನೊಂದು ಅಂಗಡಿ ನೋಡಿ ಬರ್ತೀವಿ’ ಎಂದು ಏಳುತ್ತೀರಿ. ಬಿಚ್ಚಿದ ಹುಡುಗಿಗೆ ಕೂರಲು ಸ್ಟೂಲ್ ಇದೆಯಾ? ಇಲ್ಲದಿದ್ದರೆ ಮಾಲೀಕನನ್ನು ಕೇಳಿ. ಬಣ್ಣ ಹೋದರೆ ಜಗಳವಾಡುತ್ತೀರಲ್ಲ, ಅದೇ ದನಿಯಲ್ಲಿ ಕೇಳಿ. ಕೇಳಿ ಹೊರಟುಬಿಡಬೇಡಿ. ಊಟವಾಯಿತಾ ಎಂದು ಎಲ್ಲರೂ ಕೇಳುತ್ತೇವೆ, ಕೇಳುತ್ತ ಕೇಳುತ್ತ ಚಪ್ಪಲಿ ಮೆಟ್ಟುತ್ತೇವೆ. ‘ಇಲ್ಲ’ ಎಂಬ ಉತ್ತರ ಬಂದರೆ ನಿಲ್ಲಬೇಕಲ್ಲ, ಆ ಹೆದರಿಕೆ! ಆ ಮುದುಕಿ ಬೀನ್ಸ್ ಬಿಡಿಸುತ್ತ ಕೂತರಲ್ಲ, ದಯೆ ಎಂದರೆ ಅಷ್ಟೇ. ಅದಕ್ಕೆ ಫ್ಲೆಕ್ಸ್ ಬೇಕಾಗಿಲ್ಲ.

ಇನ್ನು ನಮ್ಮ ಮಠ. ದಾಸೋಹದ ಮನೆಯಲ್ಲಿ ಮಧ್ಯಾಹ್ನದಿಂದ ಹೊಗೆಯಲ್ಲಿ ನಿಂತು ನಿಮಗೋಸ್ಕರ ಅನ್ನ ಬಸಿಯುತ್ತಿರುವ ತಾಯಂದಿರು ಎಲ್ಲಿಗೆ ಹೋಗುತ್ತಾರೆ? ಹಿತ್ತಲ ಬೇಲಿಯ ಹಿಂದಕ್ಕೆ. ಕತ್ತಲಾಗಲಿ ಎಂದು ಕಾಯುತ್ತಾರೆ. ಅತಿಥಿಗೃಹದ ಪಕ್ಕದಲ್ಲಿ ಟೈಲ್ಸ್ ಹಾಕಿದ ಶೌಚಾಲಯವಿದೆ, ಮಂತ್ರಿಗಳು ಬಂದಾಗ ಮಾತ್ರ ತೆರೆಯುತ್ತದೆ. ಮಂತ್ರಿಗಳು ಬರುವುದು ಚುನಾವಣೆಗೊಮ್ಮೆ. ಅಲ್ಲಿಯವರೆಗೆ ಯಾರಿಂದ ತಡೆಯಲಾಗುತ್ತದೆ? ಅದರ ಬೀಗದ ಕೈ ಎಲ್ಲಿ? ಅಧ್ಯಕ್ಷರಾದ ಶಿವನಂಜಪ್ಪನವರೇ, ನಿಮ್ಮ ಸೊಂಟದಲ್ಲಿದೆ. ಅದನ್ನು ಈಗ ಬಿಚ್ಚಿ. ಹೌದು, ಈಗಲೇ. ಪಕ್ಕದಲ್ಲಿರುವ ತಾಯಿಯ ಕೈಗೆ ಕೊಡಿ. ತಾಯೀ, ನೀವು ಹೋಗಿ ಬಾಗಿಲು ತೆಗೆಯಿರಿ, ಬೀಗವನ್ನು ತಂದು ನನಗೆ ಕೊಡಿ. ಮೊದಲು ದಾಸೋಹದವರು ಹೋಗಿ ಬರಲಿ, ಆಮೇಲೆ ಮಂಗಳಾರತಿ.

ಆರತಿ ತಡವಾಗುತ್ತದೆ ಎಂದು ಗಡಿಯಾರ ನೋಡಬೇಡಿ. ದೇವರಿಗೆ ಅವಸರವಿಲ್ಲ. ಆತ ಗರ್ಭಗುಡಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲ, ಆತನಿಗೆ ಎದ್ದು ಹೋಗಬೇಕಾದ ತೊಂದರೆ ಇಲ್ಲ. ಆ ತೊಂದರೆ ಮನುಷ್ಯರಿಗೆ ಮಾತ್ರ ಇದೆ. ಏಳಿ ತಾಯೀ, ಹೋಗಿ ಬನ್ನಿ.